ಡಾಕ್ಟರಮ್ಮನಿಗೆ ಕೇಳಿ: ನಮ್ಮ ಆಸ್ಪತ್ರೆಯಲ್ಲಿ ಸಂಶೋಧನೆ ಯಾಕೆ?

ಪ್ರಸೂತಿ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಈ ತಿಂಗಳ ಪತ್ರಗಳಲ್ಲಿ ನಾಲ್ಕು, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ನಡೆಯುವ ಸಂಶೋಧನೆಯ ಬಗ್ಗೆ ಇದ್ದವು. ಅವನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಕಡೆಯ ದೊಡ್ಡಾಸ್ಪತ್ರೆಯಲ್ಲಿ ಒಂದು ಬೆಡ್ಡಿಗೆ ಇಬ್ಬರು ಬಾಣಂತಿಯರು. ಎಷ್ಟೋ ಔಷಧಿ ಹೊರಗಿಂದ ತರಬೇಕು. ಇಂಥ ಕಡೆ ಸಂಶೋಧನೆ ಬೇಕೇ? ಶ್ರೀಮಂತ ದೇಶಗಳು ಕಂಡುಹಿಡಿದದ್ದನ್ನು ಬಳಸಿಕೊಂಡರೆ ಸಾಲದೇ? – ಕಾಲೇಜು ವಿದ್ಯಾರ್ಥಿ

ಸಾಲದು. ಯಾಕೆ ಅಂತ ಹೇಳುತ್ತೇನೆ.

ಜೋರು ಜ್ವರದ ಮಗು. ಕೈಕಾಲು ತಣ್ಣಗಾಗಿವೆ, ನಾಡಿ ಸಣ್ಣಗಿದೆ. ಸಲೈನನ್ನು ಬೇಗ ಬೇಗ ಏರಿಸಿ ಎಂದು ಪುಸ್ತಕಗಳು ಹೇಳುತ್ತಿದ್ದವು. ಆ ಪುಸ್ತಕ ಬರೆದವರ ಆಸ್ಪತ್ರೆಯಲ್ಲಿ ಐಸಿಯು ಇತ್ತು, ವೆಂಟಿಲೇಟರ್ ಇತ್ತು. ಇವಿಲ್ಲದ ಕಡೆಯೂ ಅದೇ ನಿಯಮ ನಡೆಯುತ್ತದೆಯೇ? ಉಗಾಂಡ, ಕೀನ್ಯಾ, ಟಾಂಜಾನಿಯಾದ ಆಸ್ಪತ್ರೆಗಳು ಇದನ್ನು 3,141 ಮಕ್ಕಳಲ್ಲಿ ಪರೀಕ್ಷಿಸಿದವು. ಕಂಪಾಲಾದ ಮುಲಾಗೊ ಬೋಧನಾ ಆಸ್ಪತ್ರೆಯೂ ಅದರಲ್ಲಿತ್ತು. 2011ರಲ್ಲಿ ಫಲಿತಾಂಶ ಬಂತು. ಬೇಗ ಏರಿಸಿದ ಮಕ್ಕಳಲ್ಲಿ 48 ಗಂಟೆಯೊಳಗೆ ತೀರಿಕೊಂಡವರು ನೂರಕ್ಕೆ ಸುಮಾರು 10.5. ಹಾಗೆ ಏರಿಸದೆ ಮಾಮೂಲಿ ಪ್ರಮಾಣವನ್ನಷ್ಟೇ ಕೊಟ್ಟವರಲ್ಲಿ 7.3. ಒಳ್ಳೆಯದೆಂದು ನಂಬಿ ಮಾಡುತ್ತಿದ್ದ ಕೆಲಸದಿಂದಲೇ ಜಾಸ್ತಿ ಮಕ್ಕಳು ಸಾಯುತ್ತಿದ್ದರು. ಇದು ಲಂಡನ್ನಿನಲ್ಲಿ ಕೂತು ತಿಳಿಯುವ ವಿಷಯವಲ್ಲ. (ವಾಂತಿಭೇದಿಯ ಮಕ್ಕಳು ಈ ಲೆಕ್ಕದಲ್ಲಿ ಇಲ್ಲ. ಅವರಿಗೆ ನೀರು, ಓಆರ್‌ಎಸ್ ಬೇಕೇ ಬೇಕು.)

ಇನ್ನು ನಮ್ಮ ಬೆಳಗಾವಿಯ ವಿಷಯ. ಹೆರಿಗೆಯಾದ ಮೇಲೆ ರಕ್ತ ಹೋಗುವುದನ್ನು ತಡೆಯಲು ಆಕ್ಸಿಟೋಸಿನ್ ಇಂಜೆಕ್ಷನ್ ಇದೆ. ಅದನ್ನು ಫ್ರಿಜ್‌ನಲ್ಲಿಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ಕರೆಂಟೇ ಇಲ್ಲದ ಉಪಕೇಂದ್ರದಲ್ಲಿ ಏನು ಮಾಡುವುದು? ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ಪರೀಕ್ಷಿಸಿದರು. ಅದು ಹೊಟ್ಟೆಹುಣ್ಣಿಗೆಂದು ಬಂದ ಮಾತ್ರೆ. ಫ್ರಿಜ್ ಬೇಡ, ಸೂಜಿ ಬೇಡ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳ 1,620 ತಾಯಂದಿರು ಭಾಗವಹಿಸಿದರು. ಮಾತ್ರೆ ಕೊಟ್ಟವರು ನಮ್ಮ ಎಎನ್‌ಎಂ ಸಿಸ್ಟರ್‌ಗಳು. ವಿಪರೀತ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆ ಆ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಹೋಲಿಸಿ ನೋಡಲೆಂದು ಅರ್ಧದಷ್ಟು ತಾಯಂದಿರಿಗೆ ಕೊಟ್ಟದ್ದು ಔಷಧಿಯಿಲ್ಲದ ಮಾತ್ರೆ. ಅದು ಸರಿಯೇ ಎಂದು ನೀವು ಕೇಳಲೇಬೇಕು. ನನಗೂ ಆ ಬಗ್ಗೆ ಕಸಿವಿಸಿ ಇದೆ. ಆದರೆ ಆಗ ಆ ಹಳ್ಳಿಗಳ ಹೆರಿಗೆಯಲ್ಲಿ ಯಾವ ಔಷಧಿಯನ್ನೂ ಕೊಡುತ್ತಿರಲಿಲ್ಲ. ಇದ್ದದ್ದನ್ನು ಯಾರಿಂದಲೂ ಕಿತ್ತುಕೊಳ್ಳಲಿಲ್ಲ. ಅದಕ್ಕೇ ನಾನು ಆ ಕೆಲಸದ ಪರ.

ಆ ಅಧ್ಯಯನದ ಇನ್ನೊಂದು ಕೊಡುಗೆ ನನಗೆ ತುಂಬಾ ಇಷ್ಟ. ರಕ್ತ ಎಷ್ಟು ಹೋಯಿತು ಅಂತ ಅಳೆಯುವುದು ಹೇಗೆ? ಲೇಬರ್ ರೂಮಿನಲ್ಲಿ ರಕ್ತ ಬಟ್ಟೆಗೆ ಹೀರಿರುತ್ತದೆ, ಒತ್ತಿ ಒರೆಸುವ ಗಾಜ್ ಬಟ್ಟೆಗೆ ಇಳಿದಿರುತ್ತದೆ, ನೆಲಕ್ಕೆ ಬಿದ್ದಿರುತ್ತದೆ, ಗರ್ಭದ ನೀರಿನ ಜೊತೆ ಬೆರೆತಿರುತ್ತದೆ. ಕಣ್ಣಳತೆಯಲ್ಲಿ ನೋಡಿ ಕೇಸ್ ಶೀಟಿನಲ್ಲಿ ಒಂದು ಅಂಕಿ ಬರೆಯುವುದು ಎಲ್ಲ ಕಡೆಯ ರೂಢಿ. ಬೆಳಗಾವಿಯವರು ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದನ್ನು ತಾಯಿಯ ಕೆಳಗೆ ಹಾಸಬೇಕು. ತುದಿಯಲ್ಲಿ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಅಷ್ಟೇ. ಅದೇ ಕಾಲೇಜಿನಲ್ಲಿ ಹೆರಿಗೆಯಾದ 123 ತಾಯಂದಿರಲ್ಲಿ ಎರಡೂ ವಿಧಾನ ಹೋಲಿಸಿ ನೋಡಿದರು. ಕಣ್ಣಳತೆ, ಚೀಲದ ಅಳತೆಗಿಂತ ನೂರಕ್ಕೆ 33ರಷ್ಟು ಕಡಿಮೆ ತೋರಿಸಿತು. ತಾಯಿ ಅಪಾಯಕ್ಕೆ ಜಾರುತ್ತಿದ್ದಾಗಲೂ ಕಾಗದದ ಮೇಲೆ ಎಲ್ಲ ಸರಿ ಇದೆ ಎಂದು ಕಾಣುತ್ತದೆ, ಅಲ್ವಾ?

ಈ ಬಗೆಯ ಗೆರೆ ಹಾಕಿದ ಹಾಳೆಯನ್ನೇ ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾದ 80 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲಿ ಬಳಸಿದರು. ರಕ್ತ ಗೆರೆ ಮುಟ್ಟಿದ ಕೂಡಲೇ ಗರ್ಭಕೋಶದ ಮಸಾಜ್, ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಇನ್ನೊಂದು ಔಷಧಿ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ತಪಾಸಣೆ ಎಲ್ಲ ಒಟ್ಟಿಗೇ ಶುರು. ಒಂದಾದ ಮೇಲೆ ಒಂದು ಅಂತ ಕಾಯುವುದಿಲ್ಲ. ಗಂಭೀರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವೆಲ್ಲ ಸೇರಿ ನೂರಕ್ಕೆ 60ರಷ್ಟು ಇಳಿದವು. ಫಲಿತಾಂಶ ಬಂದದ್ದು 2023ರಲ್ಲಿ.

ಬೆಡ್ಡು ಸಾಲದಿದ್ದರೆ ಬೆಡ್ಡು ಕೇಳಿ, ಗಲಾಟೆ ಮಾಡಿಯೇ ಕೇಳಿ. ಸಂಶೋಧನೆ ನಿಲ್ಲಿಸಿ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಸೊಸೆಗೆ ನೋವು ಶುರುವಾಗಿತ್ತು. ಆಗ ಒಬ್ಬ ಚಿಕ್ಕ ಡಾಕ್ಟರು ಬಂದು "ಸ್ಟಡಿಗೆ ಸಹಿ ಹಾಕಿ" ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ಬೇಡ ಅಂದರೆ ಸರಿಯಾಗಿ ನೋಡಲ್ವೇನೋ ಅಂತ ಹೆದರಿ ಮಗ ಸಹಿ ಹಾಕಿದ. ನಮ್ಮನ್ನು ಪ್ರಯೋಗದ ಇಲಿ ಮಾಡಿದರಾ? – ಹೆಸರು, ಊರು ಬೇಡ

ಅಮ್ಮಾ, ನಿಮ್ಮ ಹೆದರಿಕೆ ಸಹಜ. ಆದರೆ ಸಹಿ ಹಾಕಬೇಕಾದವಳು ಸೊಸೆ, ಮಗನಲ್ಲ. ಅವಳು ವಯಸ್ಕಳು, ಪೂರ್ತಿ ಎಚ್ಚರದಲ್ಲಿದ್ದಾಳೆ. ದೇಹ ಅವಳದು. ನಿಮಗೂ ಇದು ಕಹಿ ಅನಿಸಬಹುದು, ಆದರೂ ಹೇಳುತ್ತೇನೆ.

ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದವರಿಗೆ ಓದಿ ಹೇಳಬೇಕು, ಆಗ ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಇರಬೇಕು. ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಬೇಡ ಅಂದರೆ ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆ ಮಾಡುವಂತಿಲ್ಲ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ನೋವು ತಿನ್ನುತ್ತಿರುವ ಹೆಂಗಸಿನ ಹತ್ತಿರ ಕೇಳುವ ಮಾತೇ ಅಲ್ಲ ಅದು. ತಿಂಗಳ ತಪಾಸಣೆಗೆ ಬಂದಾಗಲೇ ಕೂರಿಸಿ ಹೇಳಬಹುದಿತ್ತು.

ಈಗ ಮಾಡಬೇಕಾದದ್ದು ಇಷ್ಟು. ಆಸ್ಪತ್ರೆಗೆ ಹೋಗಿ ಕಾಗದದ ಪ್ರತಿ ಕೇಳಿ. ಅದರಲ್ಲಿ ನೈತಿಕ ಸಮಿತಿಯ, ಅಂದರೆ ಅಧ್ಯಯನ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ನೋಡುವ ಸಮಿತಿಯ ಫೋನ್ ನಂಬರ್ ಇರಬೇಕು. ಅದಕ್ಕೆ ಫೋನ್ ಮಾಡಿ. ಆ ಸಮಿತಿಯಲ್ಲಿ ವೈದ್ಯರಲ್ಲದ, ನಿಮ್ಮ ನಮ್ಮಂಥ ಸಾಮಾನ್ಯರೂ ಇರಲೇಬೇಕೆಂಬ ನಿಯಮವಿದೆ. ಸುಮ್ನೆ ನಾಲ್ಕು ಪ್ರಶ್ನೆ ಕೇಳಿ ಬರೆದುಕೊಂಡ ಅಧ್ಯಯನವಾದರೆ ಚಿಂತೆ ಬೇಡ. ಹೊಸ ಔಷಧಿಯ ಪರೀಕ್ಷೆಯಾಗಿದ್ದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇರಲೇಬೇಕು. 2009ರಿಂದ ಇದು ಕಡ್ಡಾಯ. ಯಾರು ಬೇಕಾದರೂ ಹುಡುಕಿ ನೋಡಬಹುದು. ಅಂಥ ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು ಎಂದು 2019ರ ನಿಯಮ ಹೇಳುತ್ತದೆ.

ಪ್ರಶ್ನೆ: ನಾನು ಪಿ.ಜಿ. ವಿದ್ಯಾರ್ಥಿನಿ. ಥೀಸಿಸ್‌ಗೆ ಲ್ಯಾಬ್ ಇಲ್ಲ, ದುಡ್ಡಿಲ್ಲ. ಹಳೆಯದನ್ನೇ ತಿರುಗಿಸಿ ಬರೆಯಿರಿ ಎಂದು ಸೀನಿಯರ್‌ಗಳು ಹೇಳುತ್ತಾರೆ. – ಒಬ್ಬ ಓದುಗರು

ಖಂಡಿತ ಬೇಡ. 2016ರಲ್ಲಿ ಬಂದ ಒಂದು ಲೆಕ್ಕದ ಪ್ರಕಾರ ದೇಶದ 579 ವೈದ್ಯಕೀಯ ಸಂಸ್ಥೆಗಳಲ್ಲಿ 332 ಸಂಸ್ಥೆಗಳು ಹತ್ತು ವರ್ಷದಲ್ಲಿ ಒಂದೇ ಒಂದು ಸಂಶೋಧನಾ ಲೇಖನವನ್ನೂ ಪ್ರಕಟಿಸಿರಲಿಲ್ಲ. ಅಷ್ಟೂ ಕಡೆ ರೋಗಿಗಳು ಇದ್ದರು, ವಿದ್ಯಾರ್ಥಿಗಳು ಇದ್ದರು. ನೆನೆದರೆ ಸಂಕಟವಾಗುತ್ತದೆ.

ನಿಮ್ಮ ವಾರ್ಡಿನ ಗೋಡೆ ಗಡಿಯಾರವೇ ಸಾಕು. ಸಿಸೇರಿಯನ್ ಬೇಕು ಎಂದು ತೀರ್ಮಾನಿಸಿದ ಹೊತ್ತು, ಮಗು ಹೊರಬಂದ ಹೊತ್ತು. ನಡುವೆ ಎಷ್ಟು ನಿಮಿಷ ಹೋಯಿತು, ಎಲ್ಲಿ ಹೋಯಿತು? ರಕ್ತನಿಧಿಗೆ ಚೀಟಿ ಕಳಿಸಿದ ಮೇಲೆ ಬಾಟಲಿ ಬರಲು ಎಷ್ಟು ಹೊತ್ತು? ತಾಲ್ಲೂಕಿನಿಂದ ಬರುವ ರೆಫರಲ್ ಚೀಟಿಗಳಲ್ಲಿ ಬಿ.ಪಿ. ಬರೆದಿರುವುದು ಎಷ್ಟರಲ್ಲಿ? ಇವಕ್ಕೆ ಲ್ಯಾಬ್ ಬೇಡ. ಅಂಕಿ ಕೆಟ್ಟದಾಗಿ ಬಂದರೆ ಅದನ್ನೇ ಬರೆಯಿರಿ. ಗೈಡ್ ಮುಖ ಗಂಟಿಕ್ಕಿದರೂ ಬರೆಯಿರಿ.

ಪ್ರಶ್ನೆ: ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು, ತೂಕ ಒಂದೂವರೆ ಕೆ.ಜಿ. ತಾಯಿಯ ಎದೆಗೆ ಕಟ್ಟಿಕೊಳ್ಳಿ ಅಂತಾರೆ. ಯಂತ್ರ ಇಲ್ಲ ಅಂತ ಹೀಗೆ ಹೇಳ್ತಾರಾ? – ಒಬ್ಬ ಅಜ್ಜಿ, ಕೊಪ್ಪಳ ಜಿಲ್ಲೆ

ಶುರುವಾದದ್ದು ಯಂತ್ರ ಸಾಲದೆಯೇ ಅಜ್ಜೀ. 1978ರಲ್ಲಿ ಕೊಲಂಬಿಯಾದ ಬೊಗೊಟಾದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಒಂದೇ ಇನ್‌ಕ್ಯುಬೇಟರಿನಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಬೇಕಿತ್ತು. ಆಗ ಡಾ. ಎಡ್ಗರ್ ರೇ ಮಕ್ಕಳನ್ನು ತಾಯಿಯ ಎದೆಗೆ ಒರಗಿಸಿದರು. ಈಗ ಯಂತ್ರ ಇರುವ ಕಡೆಯೂ ಹೀಗೇ ಮಾಡುತ್ತಾರೆ. ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ಆಸ್ಪತ್ರೆಗಳ ಅಧ್ಯಯನ 2021ರಲ್ಲಿ ಬಂತು. ಮಗು ಸುಧಾರಿಸಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡರೆ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ನಿಮ್ಮ ಕೊಪ್ಪಳದ ಸರ್ಕಾರಿ ಆಸ್ಪತ್ರೆಗಳಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಈ ಪದ್ಧತಿಯನ್ನು ಬೇರೂರಿಸಲು ಕೆಲಸ ಮಾಡಿದ್ದಾರೆ.

ಮಗುವಿಗೆ ಟೋಪಿ, ಡಯಾಪರ್ ಬಿಟ್ಟು ಬೇರೆ ಬಟ್ಟೆ ಬೇಡ. ಚರ್ಮಕ್ಕೆ ಚರ್ಮ ತಾಗಬೇಕು. ಮೂಗು ಮುಚ್ಚದಂತೆ ತಲೆ ಒಂದು ಕಡೆ ತಿರುಗಿರಲಿ. ಎಷ್ಟು ಜಾಸ್ತಿ ಹೊತ್ತು ಇಟ್ಟುಕೊಂಡರೆ ಅಷ್ಟು ಒಳ್ಳೆಯದು. ತಾಯಿಗೆ ದಣಿವಾದರೆ ಅಪ್ಪ ಹಾಕಿಕೊಳ್ಳಲಿ, ನೀವೂ ಹಾಕಿಕೊಳ್ಳಬಹುದು. ಎದೆಹಾಲು ಮಾತ್ರ ಕೊಡಿ. ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರು ಏರಿದರೆ ಅಥವಾ ನಿಂತು ನಿಂತು ಬಂದರೆ ತಕ್ಷಣ ಸಿಸ್ಟರನ್ನು ಕರೆಯಿರಿ.