ಇಂಗ್ಲಿಷ್‌ನಲ್ಲಿ 'ಇದೋ ಅದೋ' ಅಂತ ಕೇಳುವಾಗ ಪ್ರಶ್ನೆ ಚಿಹ್ನೆ ಎಲ್ಲಿ ಬರಬೇಕು?

ನಿಮ್ಮ ಮಡಿಕೇರಿ ಹೋಂಸ್ಟೇಯ ಬುಕಿಂಗ್ ಫಾರ್ಮ್‌ನಲ್ಲಿ 'ವುಡ್ ಯು ಲೈಕ್ ನೂಪುಟ್ಟು ಆರ್ ಕಡಂಬುಟ್ಟು' ಅಂತ ಬರೆಯುವಾಗ ಎರಡೂ ತಿಂಡಿಯ ಮುಂದೆ ಪ್ರಶ್ನೆ ಚಿಹ್ನೆ ಬೇಕಾ ಅಂತ ಕೇಳಿದ್ದೀರಿ. ಬೇಡ. ಇಡೀ ವಾಕ್ಯ ಒಂದೇ ಪ್ರಶ್ನೆ, ಕೊನೆಯಲ್ಲಿ ಒಂದೇ ಚಿಹ್ನೆ ಸಾಕು. ಆಯ್ಕೆ ಎರಡೇ ಇದ್ದರೆ 'ಆರ್' ಹಿಂದೆ ಸಾಮಾನ್ಯವಾಗಿ ಅಲ್ಪವಿರಾಮವೂ ಬೇಕಿಲ್ಲ. ಕನ್ನಡದಲ್ಲಿ 'ನೂಪುಟ್ಟು ಬೇಕಾ, ಕಡಂಬುಟ್ಟು ಬೇಕಾ?' ಅಂತ ನಡುವೆ ಹಾಕಿ ರೂಢಿ ಅಲ್ವಾ, ಅದೇ ಅಭ್ಯಾಸ ಇಂಗ್ಲಿಷಿಗೂ ಬಂದುಬಿಡುತ್ತದೆ. 'ಅಬ್ಬಿ, ದುಬಾರೆ, ಆರ್ ತಲಕಾವೇರಿ?' ಅಂತ ಮೂರಾದರೆ ಅಲ್ಪವಿರಾಮ ಬರುತ್ತದೆ. ಕೊನೆಯ 'ಆರ್' ಹಿಂದಿನದನ್ನು ಕೆಲವರು ಬಿಡುತ್ತಾರೆ, ಅದೂ ಸರಿ.

ಜಾಸ್ತಿ ತೊಡಕು ಬೇರೆ ಕಡೆ ಇದೆ. 'ಡು ಯು ವಾಂಟ್ ಟೀ ಆರ್ ಕಾಫಿ?' ಅಂತ ಬಾಯಲ್ಲಿ ಕೇಳುವಾಗ ಕೊನೆಗೆ ದನಿ ಇಳಿದರೆ ಎರಡರಲ್ಲಿ ಒಂದು ಆರಿಸಿ ಅಂತ, ಏರಿದರೆ ಕುಡಿಯಲು ಏನಾದರೂ ಬೇಕಾ ಅಂತ. ಬರಹದಲ್ಲಿ ಎರಡಕ್ಕೂ ಚಿಹ್ನೆ ಒಂದೇ, ಅತಿಥಿ ಸುಮ್ನೆ 'ಯೆಸ್' ಅಂತ ಉತ್ತರ ಕಳಿಸಬಹುದು. ಅದಕ್ಕೇ ನಾನಾದರೆ 'ವಿಚ್ ವುಡ್ ಯು ಲೈಕ್, ಟೀ ಆರ್ ಕಾಫಿ?' ಅಂತಲೇ ಬರೆಯುತ್ತೇನೆ. ಇಲ್ಲಿ 'ಲೈಕ್' ಆದ ಮೇಲಿನ ಅಲ್ಪವಿರಾಮ ಬಿಡಬೇಡಿ.