ಚಳಿಯ ಮುಂಜಾವಿಗೆ ಎಷ್ಟು ಪ್ಯಾನೆಲ್?

ಪ್ರಶ್ನೆ: ನಮ್ಮ ಸೋಲಾರ್ ಇನ್ವರ್ಟರ್ ತಡೆದುಕೊಳ್ಳುವ ಗರಿಷ್ಠ ಡಿಸಿ ವೋಲ್ಟೇಜ್ 1000. ಪ್ಯಾನೆಲ್ ಒಂದರ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟು ಎಳೆಯದಿರುವಾಗಿನ ವೋಲ್ಟೇಜ್) 49.5. ಭಾಗಿಸಿದರೆ ಒಂದು ಸ್ಟ್ರಿಂಗಿಗೆ, ಅಂದರೆ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದ ಸಾಲಿಗೆ, 20 ಪ್ಯಾನೆಲ್ ಹಿಡಿಸಬೇಕು. ಆದರೆ ಅಳವಡಿಸಲು ಬಂದವರು ಚಳಿಯ ಕಾರಣ ಹೇಳಿ 19ಕ್ಕೇ ನಿಲ್ಲಿಸಿದ್ದಾರೆ. ಬಿಸಿಲು ಎಳೆಯದಾಗಿರುವ ಹೊತ್ತಿನಲ್ಲಿ ವೋಲ್ಟೇಜ್ ಏರುವುದು ಹೇಗೆ?

ಉತ್ತರ: ಅವರು ಮಾಡಿದ್ದು ಸರಿ. ಬಿಸಿಲಿನ ಪ್ರಖರತೆಗೆ ತಕ್ಕಂತೆ ಏರಿಳಿಯುವುದು ಮುಖ್ಯವಾಗಿ ಕರೆಂಟು. ವೋಲ್ಟೇಜಾದರೋ ಎಳೆಬಿಸಿಲಿಗೇ ಬಹುಪಾಲು ಮೇಲೇರಿಬಿಡುತ್ತದೆ, ಮತ್ತು ಸೆಲ್ ತಣ್ಣಗಿದ್ದಷ್ಟೂ ಹೆಚ್ಚುತ್ತದೆ. ನೀವು ಹೇಳಿದ 49.5 ಎಂಬುದು ಸೆಲ್ಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗಿನ ಅಳತೆ. ರಾತ್ರಿಯಿಡೀ ತಣಿದ ಪ್ಯಾನೆಲ್ಲಿನ ಮೇಲೆ ಬೆಳಗಿನ ಮೊದಲ ಬಿಸಿಲು ಬಿದ್ದು, ಇನ್ವರ್ಟರ್ ಇನ್ನೂ ಕರೆಂಟನ್ನು ಎಳೆಯಲು ತೊಡಗದಿರುವ ಗಳಿಗೆಯಲ್ಲಿ ಪೂರ್ತಿ ಓಪನ್ ಸರ್ಕ್ಯೂಟ್ ವೋಲ್ಟೇಜ್ ಇನ್ವರ್ಟರಿನ ಟರ್ಮಿನಲ್‌ಗಳ ಮೇಲೆಯೇ ಕುಳಿತಿರುತ್ತದೆ.

ನಿಮ್ಮ ಪ್ಯಾನೆಲಿನ ಡೇಟಾಶೀಟ್‌ನಲ್ಲಿ ಓಪನ್ ಸರ್ಕ್ಯೂಟ್ ವೋಲ್ಟೇಜಿನ ಉಷ್ಣತಾ ಗುಣಾಂಕ (ಉಷ್ಣತೆ ಒಂದು ಡಿಗ್ರಿ ಏರಿದರೆ ಆಗುವ ಬದಲಾವಣೆ) ಡಿಗ್ರಿಗೆ ಮೈನಸ್ 0.27 ಶೇಕಡಾ ಎಂದಿದೆ, ಸ್ಥಳದ ಕನಿಷ್ಠ ಉಷ್ಣತೆ 5 ಡಿಗ್ರಿ ಎಂದುಕೊಳ್ಳೋಣ. 20 ಡಿಗ್ರಿಯ ಇಳಿತಕ್ಕೆ ವೋಲ್ಟೇಜ್ ಶೇಕಡಾ 5.4ರಷ್ಟು ಏರಿ ಪ್ಯಾನೆಲಿಗೆ ಸುಮಾರು 52.2 ಆಗುತ್ತದೆ. 20 ಪ್ಯಾನೆಲ್ ಜೋಡಿಸಿದರೆ 1043 ವೋಲ್ಟ್, 19ಕ್ಕೆ 991. ಇಲ್ಲಿ ಹಿಡಿಯಬೇಕಾದದ್ದು ಚಳಿಗಾಲದ ಸರಾಸರಿಯನ್ನಲ್ಲ, ಆ ಸ್ಥಳದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆಯನ್ನು. ಮಿತಿ ಮೀರಿದ ವೋಲ್ಟೇಜ್ ಇನ್ವರ್ಟರನ್ನು ಸುಡಲು ಒಂದೇ ಬೆಳಗು ಸಾಕು. ಡೇಟಾಶೀಟ್‌ನಲ್ಲಿ ಪಕ್ಕದಲ್ಲೇ ಇರುವ ಪವರ್ ಗುಣಾಂಕವನ್ನು ವೋಲ್ಟೇಜಿನದೆಂದು ತಪ್ಪಾಗಿ ಓದಿಕೊಳ್ಳುವವರೂ ಇದ್ದಾರೆ, ಹಾಗೆಯೇ ಕೆಲವು ತಯಾರಕರು ಶೇಕಡಾದ ಬದಲು ಮಿಲಿವೋಲ್ಟ್‌ನಲ್ಲಿ ಕೊಡುತ್ತಾರೆ.

ಬಿಸಿಗೆ ವೋಲ್ಟೇಜ್ ಇಳಿಯುವುದರಿಂದ ಬೇಸಿಗೆಯದು ಕೆಳಗಿನ ಮಿತಿ. ಮಧ್ಯಾಹ್ನ ಗಾಳಿ ಆಡದ ಚಾವಣಿಯಲ್ಲಿ ಸೆಲ್ 70 ಡಿಗ್ರಿ ಮುಟ್ಟಬಹುದು. ಗರಿಷ್ಠ ಪವರ್ ಬಿಂದುವಿನ, ಅಂದರೆ ಪ್ಯಾನೆಲ್ ಅತಿ ಹೆಚ್ಚು ಪವರ್ ಕೊಡುವಾಗಿನ, ವೋಲ್ಟೇಜಿಗೆ ಬೇರೆ ಗುಣಾಂಕ ಕೊಟ್ಟಿರದಿದ್ದಾಗ ಪವರ್‌ನದ್ದನ್ನೇ, ಅಂದರೆ ಡಿಗ್ರಿಗೆ ಮೈನಸ್ 0.35 ಶೇಕಡಾ ಎಂಬಂಥದ್ದನ್ನು, ಬಳಸುವುದು ರೂಢಿ. ಅದರಂತೆ 25 ಡಿಗ್ರಿಯಲ್ಲಿ 41.5 ವೋಲ್ಟ್ ಇದ್ದದ್ದು ಸುಮಾರು 35ಕ್ಕೆ ಇಳಿಯುತ್ತದೆ. ಇನ್ವರ್ಟರ್ ಪೂರ್ಣ ಪವರ್ ಕೊಡಲು ಕನಿಷ್ಠ 500 ವೋಲ್ಟ್ ಬೇಡುವಂಥದ್ದಾದರೆ 15ಕ್ಕಿಂತ ಕಡಿಮೆ ಪ್ಯಾನೆಲ್ ಇರಬಾರದು. ನಿಮ್ಮ 19 ಇವೆರಡರ ನಡುವೆ ಇದೆ, ಮೇಲಿನ ಅಂಚಿಗೆ 9 ವೋಲ್ಟ್ ಮಾತ್ರ ಉಳಿದಿದೆ. ನಿಮ್ಮಲ್ಲಿ 5 ಡಿಗ್ರಿಗಿಂತ ಕೆಳಗೆ ಇಳಿದ ದಾಖಲೆ ಇದ್ದರೆ 18ಕ್ಕೆ ಇಳಿಸಿ.