ಎರಕಕ್ಕೆ ಎರಕದ ಗುಜರಿಯೇ ಬೇಕು

ಪ್ರಶ್ನೆ: ಹಿತ್ತಲಲ್ಲಿ ಇದ್ದಿಲಿನ ಸಣ್ಣ ಕುಲುಮೆ ಮಾಡಿಕೊಂಡಿದ್ದೇನೆ. ಖಾಲಿ ಕ್ಯಾನು, ಹಳೆ ಕಿಟಕಿಯ ಅಲ್ಯೂಮಿನಿಯಂ ಸೆಕ್ಷನ್ ಕರಗಿಸಿ ಡ್ರಿಲ್ಲಿಂಗ್ ಮಷೀನಿಗೆ ಪುಲ್ಲಿ ಎರಕ ಹೊಯ್ಯುತ್ತೇನೆ. ಲೇತ್‌ನಲ್ಲಿ ಟರ್ನಿಂಗ್ ಮಾಡಿಸಿದಾಗ ಒಳಗೆಲ್ಲ ಸಣ್ಣ ತೂತು, ಕೆಲವು ಬಿರುಕು ಬಿಟ್ಟಿರುತ್ತವೆ. ಕರಗಿಸಲು ಕಬ್ಬಿಣದ ಪೈಪಿಗೆ ತಳ ವೆಲ್ಡ್ ಮಾಡಿಸಿದ್ದೇನೆ. ಏನು ಸರಿಪಡಿಸಬೇಕು? ಇದರಲ್ಲೇ ಮನೆಗೊಂದು ಬಾಣಲೆ ಮಾಡಬಹುದೇ?
— ಓದುಗರು, ಹಾವೇರಿ

ಉತ್ತರ: ಮೊದಲು ಕ್ಯಾನ್ ಬಿಟ್ಟುಬಿಡಿ. ತಗಡು ತೀರಾ ತೆಳು, ಹೊರಗೆ ಬಣ್ಣ, ಒಳಗೆ ಲೇಪ, ಹಾಗಾಗಿ ಎಷ್ಟು ಹಾಕಿದರೂ ಒಳ್ಳೆಯ ಪಾಲು ಕಿಟ್ಟವಾಗಿ ಹೋಗುತ್ತದೆ. ಕಿಟಕಿ ಸೆಕ್ಷನ್ ಶುದ್ಧವೇನೋ ಹೌದು, ಆದರೆ ಅದರಲ್ಲಿ ಸಿಲಿಕಾನ್ ತುಂಬಾ ಕಡಿಮೆ. ಅಚ್ಚಿನ ಮೂಲೆಗೆ ಸರಿಯಾಗಿ ಹರಿಯುವುದಿಲ್ಲ, ಗಟ್ಟಿಯಾಗುವಾಗ ಬಿರಿಯುತ್ತದೆ. ನಿಮ್ಮ ಬಿರುಕಿಗೆ ಮುಖ್ಯ ಕಾರಣ ಇದೇ ಇರಬೇಕು. ಗ್ಯಾರೇಜಿನವರ ಹತ್ತಿರ ಹಳೆ ಪಿಸ್ಟನ್, ಬೈಕ್ ಎಂಜಿನ್ ಕವರ್, ಒಡೆದ ಅಲಾಯ್ ವೀಲ್ ಕೇಳಿ. ಅವು ಎರಕಕ್ಕೆಂದೇ ಮಾಡಿದ ಲೋಹ, ಸಾಮಾನ್ಯವಾಗಿ ನೂರಕ್ಕೆ 7ರಿಂದ 12 ಭಾಗ ಸಿಲಿಕಾನ್ ಇರುತ್ತದೆ. ಪುಲ್ಲಿಯ ನಡುವಿನ ದಪ್ಪ ಭಾಗ ಕೊನೆಗೆ ಗಟ್ಟಿಯಾಗುತ್ತದೆ, ಅದರ ಮೇಲೊಂದು ದಪ್ಪ ರೈಸರ್ (ಹೆಚ್ಚುವರಿ ಕರಗಿದ ಲೋಹ ನಿಲ್ಲುವ ಗುಂಡಿ) ಇಡಿ. ಲೋಹ ಕುಗ್ಗಿದಾಗ ಅಲ್ಲಿಂದ ತುಂಬಿಕೊಳ್ಳಲಿ.

ಇನ್ನು ಸಣ್ಣ ತೂತು. ಅದು ಹೈಡ್ರೋಜನ್. ಕರಗಿದ ಅಲ್ಯೂಮಿನಿಯಂ ತೇವದಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಹಿಡಿದಿಟ್ಟುಕೊಳ್ಳಲಾಗದೆ ಗುಳ್ಳೆಯಾಗಿ ಬಿಡುತ್ತದೆ. ಬಿಸಿ ಹೆಚ್ಚಾದಷ್ಟೂ ಹೀರುವುದು ಜಾಸ್ತಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೊಯ್ಯಲು 700ರಿಂದ 740 ಸಾಕು. ಕೆಂಪಗೆ ಹೊಳೆಯಲಿ ಅಂತ ಬ್ಲೋವರ್ ಬಿಡುತ್ತಲೇ ಇರಬೇಡಿ, ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಕೆ ಟೈಪ್ ಥರ್ಮೋಕಪಲ್ (ಇಂಥ ಬಿಸಿ ಅಳೆಯುವ ಸಾಧನ) ಒಂದು ತಂದುಕೊಳ್ಳಿ. ಸುಮ್ನೆ ಕಲಕುತ್ತಲೂ ಇರಬೇಡಿ. ಹೊಯ್ಯುವ ಮೊದಲು ಒಮ್ಮೆ ಕಿಟ್ಟ ತೆಗೆದರೆ ಆಯಿತು. ಪೈಪಿನ ಬದಲು ಗ್ರಾಫೈಟ್ ಮೂಸೆ ಕೊಳ್ಳಿ. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ಎರಕ ಪೆಡಸಾಗುವುದು ಒಂದು ಕಡೆ, ಒಂದು ದಿನ ಪೈಪೇ ತೂತಾಗಿ ಬೆಂಕಿಯೊಳಗೆ ಸುರಿಯಬಹುದು.

ದಯವಿಟ್ಟು ಇದನ್ನು ಎರಡು ಸಲ ಓದಿ: ಕರಗಿದ ಲೋಹಕ್ಕೆ ಒದ್ದೆ ಗುಜರಿ ಹಾಕಬೇಡಿ. ಸಂದಿಯಲ್ಲಿ ಉಳಿದ ಒಂದೇ ಹನಿ ನೀರು ಥಟ್ಟನೆ ಆವಿಯಾಗಿ ಇಡೀ ಮೂಸೆಯನ್ನೇ ಮುಖಕ್ಕೆ ಎರಚಬಲ್ಲದು. ಪ್ರತಿ ತುಂಡನ್ನೂ ಕುಲುಮೆಯ ಅಂಚಿನಲ್ಲಿ ಚೆನ್ನಾಗಿ ಕಾಯಿಸಿ, ಆಮೇಲೆ ಹಾಕಿ. ಇಕ್ಕಳ, ಕಿಟ್ಟ ತೆಗೆಯುವ ಸೌಟು ಕೂಡ ಹಾಗೇ. ಸಿಮೆಂಟ್ ನೆಲದ ಮೇಲೆ ಹೊಯ್ಯಬೇಡಿ, ಅದರೊಳಗೂ ತೇವ ಇರುತ್ತದೆ, ಚೆಲ್ಲಿದರೆ ಸಿಡಿಯುತ್ತದೆ. ಒಣ ಮರಳು ಹಾಸಿಕೊಳ್ಳಿ. ಶಾಕ್ ಅಬ್ಸಾರ್ಬರ್‌ನಂಥ ಮುಚ್ಚಿದ ಭಾಗವನ್ನು ಕುಲುಮೆಯ ಹತ್ತಿರವೂ ತರಬೇಡಿ. ತುಂಡು ವಿಪರೀತ ಹಗುರ ಅನ್ನಿಸಿದರೆ ಒಂದು ಜಾಗ ಉಜ್ಜಿ ವಿನೆಗರ್ ಬಿಡಿ. ತಕ್ಷಣ ನೊರೆಯೆದ್ದರೆ ಅದು ಮೆಗ್ನೀಸಿಯಂ, ಹೊತ್ತಿಕೊಂಡರೆ ನೀರು ಹಾಕಿಯೂ ಆರಿಸಲಾಗದು.

ಬಾಣಲೆ ಮಾತ್ರ ಬೇಡ. ಗುಜರಿಯಲ್ಲಿ ಏನೇನು ಬೆರೆತಿದೆ ಅಂತ ಮನೆಯಲ್ಲಿ ತಿಳಿಯುವುದಿಲ್ಲ ಅಲ್ವಾ? ಆಫ್ರಿಕಾದ ಕ್ಯಾಮರೂನ್‌ನಲ್ಲಿ ಗುಜರಿ ಕರಗಿಸಿ ಮಾಡಿದ ಪಾತ್ರೆಗಳಿಂದ ಸೀಸ ಬಿಡುವುದು ಪರೀಕ್ಷೆಯಲ್ಲಿ ಕಂಡಿದೆ. ನಮ್ಮ ಅಡುಗೆಯಲ್ಲಂತೂ ಹುಣಸೆಹುಳಿ, ಟೊಮೆಟೊ ದಿನವೂ ಕುದಿಯುತ್ತವೆ, ಹುಳಿ ಇದ್ದಷ್ಟೂ ಲೋಹ ಹೆಚ್ಚು ಬಿಡುತ್ತದೆ. ಪುಲ್ಲಿ, ಹಿಡಿ, ಬ್ರಾಕೆಟ್ ಎಷ್ಟು ಬೇಕಾದರೂ ಹೊಯ್ಯಿರಿ.